ಮೂತಿ ತಿರುವುವ ಇಂಗ್ಲಿಷು

ಇಂಗ್ಲಿಷ್ ಪಾಠ ಮಾಡುವವರಿಗೆ ಆಗುವಷ್ಟು ಫಜೀತಿ ಲೆಕ್ಕದ ಮೇಷ್ಟ್ರಿಗಾಗಲಿ ಡ್ರಿಲ್ ಮೇಷ್ಟ್ರಿಗಾಗಲಿ ಆಗುವುದಿಲ್ಲ. ಲೆಕ್ಕದವರು ಬೋರ್ಡಿನ ಮೇಲೆ ಬರೆದದ್ದು ಬೋರ್ಡಿನ ಮೇಲೇ ಇರುತ್ತದೆ. ನಾವು ಬರೆದದ್ದು ಮಕ್ಕಳ ಜೊತೆ ಅವರ ಮನೆಗೆ ಹೋಗಿ, ಅಲ್ಲೇ ಉಂಡು ಮಲಗಿ, ಬೆಳಗ್ಗೆ ಊರೆಲ್ಲ ಸುತ್ತಿ, ಕೊನೆಗೆ ನಮ್ಮ ತಲೆಯ ಮೇಲೇ ಬಂದು ಕೂರುತ್ತದೆ. ನನಗಂತೂ ಇಂಥದ್ದು ಆಗುತ್ತಲೇ ಇತ್ತು. ಅದರ ಮೇಲೆ ನನ್ನದು ಹುಟ್ಟಾ ಅನುಮಾನದ ಬುದ್ಧಿ. ಎದುರಿಗೆ ಬಂದವರು ನಕ್ಕರೆ ಯಾಕೆ ನಕ್ಕರು ಅಂತ ಅನುಮಾನ, ನಗದಿದ್ದರೆ ಯಾಕೆ ನಗಲಿಲ್ಲ ಅಂತ ಅನುಮಾನ. 'ಅನುಮಾನಂ ಪೆದ್ದ ರೋಗಂ' ಅಂತ ಹೊಳೆನರಸೀಪುರದ ಮನೆಯಲ್ಲಿ ನಮ್ಮಮ್ಮ ದಿನಾ ಬಯ್ಯುತ್ತಿದ್ದಳು. ಬೈಸಿಕೊಂಡೇ ಬೆಳೆದು, ಬಿ.ಎಡ್. ಮುಗಿಸಿ, ಮದುವೆಯಾಗಿ ಹಾಸನಕ್ಕೆ ಬಂದೆ. ರೋಗವೂ ಸಾಮಾನಿನ ಜೊತೆ ಬಂತು.

ತೊಂಬತ್ತರ ದಶಕದಲ್ಲಿ ದಂಡಿಗನಹಳ್ಳಿ ಕಡೆಯ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು. ಸಿಕ್ಕಿತು ಅಂದರೆ ತಾತ್ಕಾಲಿಕ. ಕಾಯಂ ಮಾಡಬೇಕಾದವರು ಸ್ಕೂಲು ಕಮಿಟಿಯ ಅಧ್ಯಕ್ಷರು, ಆ ಊರಿನ ದೊಡ್ಡ ಜಮೀನುದಾರರು. ಪ್ರತಿ ವರ್ಷ ಬೇಸಿಗೆ ರಜಕ್ಕೆ ಮುಂಚೆ ಅವರ ಮನೆಗೆ ಹೋಗಿ, ಈ ಸಲವಾದರೂ ಕಾಯಂ ಮಾಡಿ ಅಂತ ಕೇಳಿಕೊಳ್ಳುತ್ತಿದ್ದೆ. ಅವರು ಹೆಗಲ ಮೇಲಿನ ಟವಲ್ಲನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡು, ಮನೆಯ ಸೂರು ನೋಡುತ್ತಾ, "ನೋಡಾಣ ಬುಡಿ ಟೀಚರಮ್ಮ" ಅನ್ನುತ್ತಿದ್ದರು. ಅಷ್ಟೇ. ಜೂನ್ ತಿಂಗಳಲ್ಲಿ ಸ್ಕೂಲು ತೆರೆದಾಗ ನನ್ನ ಕುರ್ಚಿಯಲ್ಲಿ ಇನ್ಯಾರಾದರೂ ಕೂತಿದ್ದರೆ ಏನು ಗತಿ ಅಂತ ರಜದುದ್ದಕ್ಕೂ ಮನೆಯವರನ್ನೆಲ್ಲ ಕೇಳಿ ಕೇಳಿ ತಲೆ ತಿನ್ನುತ್ತಿದ್ದೆ. ನನಗೆ ಆ ಕೆಲಸ ಬೇಕಿತ್ತು. ಬಸ್ಸಿನಲ್ಲಿ ನಿಂತುಕೊಂಡು ಹೋದರೂ, ಧೂಳು ಕುಡಿದರೂ, ಆ ಮಕ್ಕಳ ಮುಂದೆ ನಿಂತಾಗ ನಾನೂ ಒಬ್ಬ ಮನುಷ್ಯಳು ಅನ್ನಿಸುತ್ತಿತ್ತು.

ಸ್ನೀರ್

ಹತ್ತನೇ ಕ್ಲಾಸಿನ ಪಾಠವೊಂದರಲ್ಲಿ ಒಬ್ಬ ದೊರೆ ಒಬ್ಬ ಮುದುಕನನ್ನು ಕಂಡು 'ಸ್ನೀರ್' ಮಾಡುತ್ತಾನೆ. ಹಂಗಂದ್ರೇನು ಅಂದರು ಮಕ್ಕಳು. ತಿರಸ್ಕಾರ ಅಂದೆ. ಮುಂದಿನ ಸಾಲಿನಲ್ಲಿ ಮಂತ್ರಿ 'ಸ್ಕಾಫ್' ಮಾಡಿದ. ಅದೂ ತಿರಸ್ಕಾರ ಅಂದೆ. ರಾಣಿ 'ಸ್ಪರ್ನ್' ಮಾಡಿದಳು. ಅದೂ ಅದೇ ಅಂದೆ. ಕೊನೆ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಎಲ್ಲಾ ಒಂದೇ ಆದ್ರೆ ಇಂಗ್ಲಿಷ್ನೋರು ಇಷ್ಟೊಂದ್ಯಾಕೆ ಇಟ್ಕಂಡವ್ರೆ ಮಿಸ್?" ಅಂತ ಕೇಳಿದಳು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೇಳಿದ ಧಾಟಿಯಲ್ಲಿ ಮಾತ್ರ ಏನೋ ಇದೆ ಅಂತ ನನಗೆ ಗುಮಾನಿ.

ಮನೆಗೆ ಬಂದು ಡಿಕ್ಷನರಿ ತಿರುವಿ ಹಾಕಿದೆ. ನೋಡಿದರೆ ಇಂಗ್ಲಿಷರು ತಿರಸ್ಕಾರಕ್ಕೆ ಒಂದೊಂದು ಅಂಗವನ್ನು ನೇಮಿಸಿಬಿಟ್ಟಿದ್ದಾರೆ. ತುಟಿಯಲ್ಲಿ ಮಾಡಿದರೆ ಸ್ನೀರ್, ಬಾಯಲ್ಲಿ ಸದ್ದು ಮಾಡಿದರೆ ಸ್ಕಾಫ್, ಕೊಟ್ಟದ್ದನ್ನು ತಳ್ಳಿದರೆ ಸ್ಪರ್ನ್, ಮಾತಾಡಿಸಲು ಬಂದವರನ್ನು ಕಂಡೂ ಕಾಣದ ಹಾಗೆ ಇದ್ದರೆ ಸ್ನಬ್, ಕೇಳಿದ್ದನ್ನು ಅಲ್ಲೇ ಹಾರಿಸಿಬಿಟ್ಟರೆ ಡಿಸ್ಮಿಸ್, ಹೇಳಿದ್ದನ್ನು ಮಾಡದೆ ಎದುರಿಗೆ ಸೆಟೆದು ನಿಂತರೆ ಡಿಫೈ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಮಾಡಿಯೇ ತೋರಿಸಬೇಕು ಅಂತ ತೀರ್ಮಾನಿಸಿದೆ.

ನಮ್ಮ ಮನೆಯ ಕನ್ನಡಿ ಇದ್ದದ್ದು ನಡುಮನೆಯಲ್ಲಿ, ಅಡುಗೆಮನೆ ಬಾಗಿಲಿಗೆ ಎದುರಾಗಿ. ಅದರ ಮುಂದೆ ನಿಂತು ಮೇಲ್ತುಟಿಯನ್ನು ಒಂದು ಪಕ್ಕಕ್ಕೆ ಎತ್ತಿ, ಮೂಗಿನ ಹೊಳ್ಳೆ ಅಗಲಿಸಿ, ಕಣ್ಣು ಅರ್ಧ ಮುಚ್ಚಿ ಸ್ನೀರ್ ಅಭ್ಯಾಸ ಮಾಡುತ್ತಿದ್ದೆ. ಚೆನ್ನಾಗಿಯೇ ಬಂತು. ಅದು ಚೆನ್ನಾಗಿ ಬಂದ ಹೊತ್ತಿಗೆ ಸರಿಯಾಗಿ ನಮ್ಮತ್ತೆ ಆಲೂಗಡ್ಡೆ ಹುಳಿಯ ಪಾತ್ರೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದರು. ಕನ್ನಡಿಯಲ್ಲಿ ನನ್ನ ಮುಖ ಅವರಿಗೆ ಕಂಡಿತು, ಅವರ ಹುಳಿ ನನಗೆ ಕಂಡಿತು.

ಅತ್ತೆ ಪಾತ್ರೆ ಇಟ್ಟು ಒಳಗೆ ಹೋದರು. ಊಟಕ್ಕೆ ಕೂತಾಗ ಮಗನಿಗೆ ಹೇಳಿದರು, ನಾಳೆಯಿಂದ ಅವಳೇ ಅಡುಗೆ ಮಾಡಲಿ, ನನ್ನ ಹುಳಿ ಕಂಡರೆ ಅವಳ ಮೂತಿ ಯಾವ ದಿಕ್ಕಿಗೆ ಹೋಗುತ್ತೆ ಅಂತ ಕಣ್ಣಾರೆ ಕಂಡಿದ್ದೀನಿ ಅಂತ. ನಾನು ಹೌಹಾರಿ, ಅದು ನಿಮ್ಮ ಹುಳಿಗಲ್ಲ, ಅದು ಇಂಗ್ಲಿಷು, ನಾಳೆ ಕ್ಲಾಸಿಗೆ ಬೇಕು ಅಂತ ಪುಸ್ತಕ ತಂದು ತೋರಿಸಿದೆ. ಅತ್ತೆ ಪುಸ್ತಕದ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮಪ್ಪನೂ ಮಹಾರಾಜರ ಕಾಲದಲ್ಲಿ ಇಂಗ್ಲಿಷ್ ಓದಿದ್ದರು ಕಣೇ. ಅವರ ಮೂತಿ ನೆಟ್ಟಗೇ ಇತ್ತು."

ಡಿಸ್ಮಿಸ್

ಮನೆಯಲ್ಲಿ ಬೆಂಕಿ ಹತ್ತಿದ್ದು ಸಾಲದು ಅಂತ ಸ್ಕೂಲಿನಲ್ಲೂ ಹಚ್ಚಿದೆ. ನಾನೊಬ್ಬಳೇ ಮಾಡಿ ತೋರಿಸಿದರೆ ಸಾಲದು, ಮಕ್ಕಳೂ ಮಾಡಬೇಕು ಅಂತ ಹೋಮ್‌ವರ್ಕ್ ಕೊಟ್ಟೆ. ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಯಾರನ್ನಾದರೂ ಹಗುರ ಮಾಡುವುದು ಕಂಡರೆ ಸರಿಯಾಗಿ ನೋಡಿಕೊಂಡು ಬನ್ನಿ, ನಾಳೆ ಅಭಿನಯಿಸಿ ತೋರಿಸಿ, ಅದು ಯಾವ ಕ್ರಿಯಾಪದ ಅಂತ ಕ್ಲಾಸು ಹೇಳಲಿ ಅಂದೆ.

ನಾನು ಕೊಟ್ಟ ಹೋಮ್‌ವರ್ಕನ್ನು ಇಡೀ ಕ್ಲಾಸು ಮಾಡಿಕೊಂಡು ಬಂದದ್ದು ಅದೇ ಮೊದಲು. ಎಲ್ಲರ ಕೈಯೂ ಮೇಲೆ. ಒಬ್ಬ ಹುಡುಗ ಅವರಪ್ಪ ದಾಯಾದಿಯ ರಾಗಿ ಹೊಲದ ಪಕ್ಕ ಹೋಗುವಾಗ ನಿಂತು, ತೆನೆ ನೋಡಿ, ಪಕ್ಕಕ್ಕೆ ಉಗಿದು, 'ಬೆಳ್ದವ್ನೆ ಬುಡು' ಅಂದದ್ದನ್ನು ಮಾಡಿ ತೋರಿಸಿದ. ಸ್ಕಾಫ್ ಅಂದಿತು ಕ್ಲಾಸು. ಒಬ್ಬಳು ಹುಡುಗಿ ಅವಳಜ್ಜಿ ಹೊಸ ಸೊಸೆ ಕಟ್ಟಿದ ಮುದ್ದೆಯನ್ನು ಒಂದೇ ಬೆರಳಲ್ಲಿ ಒತ್ತಿ, ಆ ಬೆರಳನ್ನು ನೋಡಿ, ಸೆರಗಿಗೆ ಒರೆಸಿಕೊಂಡದ್ದನ್ನು ತೋರಿಸಿದಳು. ಅದಕ್ಕೆ ಯಾವ ಪದ ಅಂತ ಕ್ಲಾಸಿನಲ್ಲಿ ಎರಡು ಪಂಗಡವಾಯಿತು. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಇದು ಪಾಠವೋ ಊರ ಮನೆಗಳ ಪಂಚಾಯ್ತಿಯೋ ಅಂತ ಗುಮಾನಿ. ಖುಷಿಯೇ ಗೆದ್ದಿತು, ಮುಂದುವರಿಸಿದೆ.

ಆಗ ಅಧ್ಯಕ್ಷರ ಮೊಮ್ಮಗಳು ಎದ್ದು ಬಂದಳು. ಅದೇ ಕ್ಲಾಸಿನಲ್ಲಿ ಓದುತ್ತಿದ್ದಳು, ಒಳ್ಳೇ ಹುಡುಗಿ. ನಮ್ಮ ತಾತನ್ನ ಮಾಡ್ತೀನಿ ಮಿಸ್ ಅಂದಳು. ಬೇಡ ಅನ್ನುವಷ್ಟರಲ್ಲಿ ಪಕ್ಕದವಳ ದುಪಟ್ಟಾ ಎಳೆದುಕೊಂಡು ಹೆಗಲ ಮೇಲೆ ಹಾಕಿಕೊಂಡಿದ್ದಳು. ಅದನ್ನು ಈ ಕಡೆಯಿಂದ ಆ ಕಡೆಗೆ ಒಂದು ಸಲ ಒಗೆದು, ಗಂಟಲು ಸರಿಮಾಡಿಕೊಂಡು, ಕ್ಲಾಸಿನ ಹೆಂಚು ನೋಡುತ್ತಾ, "ನೋಡಾಣ ಬುಡಿ" ಅಂದಳು. ಅಧ್ಯಕ್ಷರೇ ಬಂದು ನಿಂತ ಹಾಗಿತ್ತು. ಮಕ್ಕಳು ಬೆಂಚು ಬಡಿದು ನಕ್ಕವು. ಇದು ಯಾವ ಕ್ರಿಯಾಪದ ಅಂತ ನಾನು ಕೇಳುವುದಕ್ಕೆ ಮೊದಲೇ ಕ್ಲಾಸಿಗೆ ಕ್ಲಾಸೇ ಒಂದೇ ಉಸಿರಲ್ಲಿ ಉತ್ತರ ಹೇಳಿತು, ಡಿಸ್ಮಿಸ್ ಅಂತ.

ಆ ಊರಿನಲ್ಲಿ 'ನೋಡಾಣ' ಅಂದರೆ ನಿಜವಾಗಿಯೂ ನೋಡುತ್ತಾರೆ ಅಂದುಕೊಂಡು ಇಷ್ಟು ವರ್ಷ ಕಾದಿದ್ದವಳು ನಾನೊಬ್ಬಳೇ.

ಸ್ಕಾಫ್

ಅದಾದ ಮೇಲೆ ನನ್ನ ರೋಗ ನೆತ್ತಿಗೇರಿತು. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡದೆ ಮುಂದೆ ಹೋದರೆ ಸ್ನಬ್, ತರಕಾರಿಯವಳು ಬೆಲೆ ಹೇಳಿ ಆಕಡೆ ತಿರುಗಿದರೆ ಸ್ಪರ್ನ್. ಯಾರು ಏನು ಮಾಡಿದರೂ ನನಗೆ ಅದರ ಇಂಗ್ಲಿಷ್ ಹೆಸರು ಮೊದಲು ಕಾಣುತ್ತಿತ್ತು.

ಆ ಸಮಯಕ್ಕೆ ಅರಕಲಗೂಡಿನಲ್ಲಿ ನಮ್ಮ ನಾದಿನಿಯ ಮಗುವಿನ ನಾಮಕರಣ. ಊಟವಾಗಿ ಎಲ್ಲರೂ ಜಮಖಾನದ ಮೇಲೆ ಕೂತಿದ್ದೆವು. ನಾದಿನಿಯ ಮಾವನ ಕಡೆಯ ಹಿರಿಯರೊಬ್ಬರು ಎದುರಿಗೆ ಗೋಡೆಗೆ ಒರಗಿ ಕೂತು, ಏನಮ್ಮ, ಕೆಲಸಕ್ಕೆ ಹೋಗ್ತೀಯಂತೆ ಅಂತ ಮಾತು ತೆಗೆದರು. ಹೌದು, ಟೀಚರು ಅಂದೆ. "ಚ್" ಅಂದರು. ಹೈಸ್ಕೂಲಿನಲ್ಲಿ ಅಂದೆ. ಮತ್ತೆ "ಚ್". ನನಗೆ ಅಲ್ಲೇ ಚುರುಕ್ ಅಂದಿತು. ಇರಲಿ ಅಂತ ಇಂಗ್ಲಿಷ್ ಪಾಠ ಮಾಡುತ್ತೇನೆ ಅಂದೆ. ಅವರು ಮುಖವನ್ನೇ ಗೋಡೆಯ ಕಡೆ ತಿರುಗಿಸಿ, "ಚ್, ಚ್" ಅಂದರು. ತುಟಿ, ಸದ್ದು, ಮುಖ ತಿರುವಿದ್ದು, ಡಿಕ್ಷನರಿಯಲ್ಲಿ ಇದ್ದ ಹಾಗೇ ಇತ್ತು.

ಅಧ್ಯಕ್ಷರ ಮುಂದೆ ನುಂಗಿಕೊಂಡಿದ್ದೆಲ್ಲ ಅಲ್ಲಿ ಹೊರಗೆ ಬಂತು. ಕಾಯಂ ಆಗಿಲ್ಲ ಅಂದಮಾತ್ರಕ್ಕೆ ನನ್ನ ಕೆಲಸ ಅಷ್ಟು ಕೇವಲವೇ, ನೀವು ಹಿರಿಯರು ಅಂತ ಸುಮ್ಮನಿದ್ದೆ, ಎಲ್ಲದಕ್ಕೂ ಒಂದು ಮಿತಿ ಇದೆ ಅಂತ ನಾಲ್ಕು ಜನರ ಮುಂದೆ ಕೇಳಿಯೇಬಿಟ್ಟೆ. ನಮ್ಮ ಯಜಮಾನರು ಎದ್ದು ಹಿತ್ತಲಿಗೆ ಹೋದರು.

ಆ ಹಿರಿಯರು ಅವಸರ ಮಾಡಲಿಲ್ಲ. ಜನಿವಾರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಬಾಯಿ ಅಗಲಿಸಿ, ದವಡೆ ಹಲ್ಲಿನ ಸಂದಿಯಿಂದ ಏನನ್ನೋ ಎಬ್ಬಿಸಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸಮಾಧಾನವಾಗಿ ನನ್ನ ಕಡೆ ತಿರುಗಿದರು.

"ಕೆಲಸವೇನೋ ಒಳ್ಳೇದೇ ಕಣಮ್ಮ. ಈ ಕೊಬ್ರಿ ಮಿಠಾಯೀದೇ ತೊಂದರೆ."

ಡಿಫೈ

ಇತ್ತ ಹಳ್ಳಿಯಲ್ಲಿ ಸುದ್ದಿ ಹಬ್ಬಿತ್ತು. ಇಂಗ್ಲಿಷ್ ಟೀಚರಮ್ಮ ಮಕ್ಕಳನ್ನು ಬಿಟ್ಟು ಮನೆಮನೆಯ ಗುಟ್ಟು ತೆಗೆಸ್ತಾವ್ರೆ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಊರವರ ಕಥೆ. ನಾನು ಬಸ್ಸಿಳಿದು ನಡೆದು ಬರುವಾಗ ಜಗಲಿಯ ಮೇಲೆ ಮಾತಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿ ಮುಖದ ಗಂಟು ಬಿಚ್ಚಿ ಕೂರುತ್ತಿದ್ದರು. ಅತ್ತೆ ಸೊಸೆಯರು ಮಕ್ಕಳ ಮುಂದೆ ಒಬ್ಬರಿಗೊಬ್ಬರು ಬನ್ನಿ ಹೋಗಿ ಅನ್ನತೊಡಗಿದ್ದರಂತೆ. ಊರಿಗೇ ನನ್ನ ಮೇಲೆ ಅನುಮಾನ, ನನಗೆ ಊರಿನ ಮೇಲೆ ಅನುಮಾನ.

ಒಂದು ದಿನ ಅಧ್ಯಕ್ಷರು ಹೇಳದೆ ಕೇಳದೆ ನನ್ನ ಕ್ಲಾಸಿಗೇ ಬಂದು ಕೊನೆ ಬೆಂಚಿನಲ್ಲಿ ಕೂತರು. ಮೊಮ್ಮಗಳ ಅಭಿನಯ ಮನೆಗೆ ಮುಟ್ಟಿದೆ, ಇವತ್ತಿಗೆ ನನ್ನ ಕೆಲಸ ಸಮಾಪ್ತಿ ಅಂದುಕೊಂಡೆ. ತಿರಸ್ಕಾರದ ಪದಗಳನ್ನೆಲ್ಲ ಡಸ್ಟರಿನಲ್ಲಿ ಒರೆಸಿ, ಗೌರವಿಸು, ವಂದಿಸು, ವಿಧೇಯನಾಗಿರು ಅನ್ನುವುದಕ್ಕೆಲ್ಲ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದನ್ನು ಬರೆಯಲು ಶುರುಮಾಡಿದೆ. ಹಿಂದಿನಿಂದ ದನಿ ಬಂತು. ಅದು ಬ್ಯಾಡ ಟೀಚರಮ್ಮ, ಆ ಇನ್ನೊಂದು ಪಾಠ ಐತಲ್ಲ, ಅದ್ನೇ ಮಾಡಿ ಅಂತ.

ಬೇರೆ ದಾರಿ ಇರಲಿಲ್ಲ. ಒರೆಸಿದ್ದನ್ನೇ ಮತ್ತೆ ಬರೆದೆ. ಯಾರು ಮಾಡಿ ತೋರಿಸುತ್ತೀರಿ ಅಂತ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಮನೆಮನೆಯಲ್ಲೂ ತಾಕೀತಾಗಿತ್ತು, ಬಾಯಿ ಬಿಟ್ಟರೆ ಚರ್ಮ ಸುಲಿತೀವಿ ಅಂತ. ಹೆಸರು ಹಿಡಿದು ಎಬ್ಬಿಸಿದೆ. ಎದ್ದು ನಿಂತ ಮಗು ನಿಂತೇ ಇತ್ತು. ಇನ್ನೊಂದನ್ನು ಎಬ್ಬಿಸಿದೆ, ಅದೂ ಹಾಗೇ. ಪುಸಲಾಯಿಸಿದೆ, ಗದರಿದೆ, ಮಾರ್ಕ್ಸು ಕೊಡ್ತೀನಿ ಅಂದೆ. ಕೊನೆಗೆ ಅಧ್ಯಕ್ಷರ ಮೊಮ್ಮಗಳಿಂದ ಹಿಡಿದು ಇಡೀ ಕ್ಲಾಸು ಎದ್ದು ನಿಂತು, ತುಟಿ ಬಿಗಿದುಕೊಂಡು, ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು.

ಅಧ್ಯಕ್ಷರು ನನ್ನನ್ನು ಕೇಳಿದರು, ಐಕ್ಳು ಈಗ ಮಾಡ್ತಾ ಇರೋದಕ್ಕೆ ಇಂಗ್ಲಿಷ್‌ನಾಗೆ ಏನಂತಾರೆ ಅಂತ.

"ಇದೇ ಸರ್ ಡಿಫೈ" ಅಂದೆ. "ಇವತ್ತು ಎಲ್ಲರಿಗೂ ಬಂದಿದೆ."

ಸ್ನಬ್

ಅವರು ನಗಲಿಲ್ಲ. ಎದ್ದು ಹೊರಟವರು ಬೋರ್ಡಿನ ಹತ್ತಿರ ನಿಂತು, ಅಲ್ಲಿದ್ದ ಒಂದು ಪದ ತೋರಿಸಿ ಅದರ ಅರ್ಥ ಕೇಳಿದರು. ಸ್ನಬ್. ಮರ್ಯಾದೆ ಕೊಟ್ಟು ಕರೆದವರನ್ನು ಕಡೆಗಣಿಸಿ ಅವಮಾನ ಮಾಡುವುದು ಸರ್ ಅಂತ ಮೆಲ್ಲಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಅದು ನಂಗೆ ಚೆನ್ನಾಗಿ ಗೊತ್ತು ಬುಡಿ ಟೀಚರಮ್ಮ. ನಮ್ಮನೇಲೇ ಆಗೈತೆ" ಅಂದು ಹೋದರು.

ಅವರಿಗೆ ಅವಮಾನ ಮಾಡುವ ಧೈರ್ಯ ಆ ಊರಿನಲ್ಲಿ ಯಾರಿಗಿದೆ? ಅದನ್ನು ನನ್ನನ್ನು ನೋಡಿಕೊಂಡು ಯಾಕೆ ಹೇಳಿದರು? ಮಾರನೇ ದಿನ ನಮ್ಮ ಕನ್ನಡ ಪಂಡಿತರನ್ನು ಹಿಡಿದೆ. ಅವರು ಅದೇ ಊರಿನವರು, ಸಂಜೆಯಾದರೆ ಅಧ್ಯಕ್ಷರ ಜಗಲಿಯಲ್ಲಿ ಎಲೆ ಅಡಿಕೆ ಹಾಕುವವರು. ಪಂಡಿತರು ಆಕಡೆ ಈಕಡೆ ನೋಡಿ, ಅವರ ಮನೇಲಿ ಕಾಫಿ ಹೇಗೆ ಕುಡೀತೀರಿ ತಾಯಿ ಅಂತ ಕೇಳಿದರು. ಇದೆಂಥ ಪ್ರಶ್ನೆ ಅನ್ನಿಸಿತು. ಬಾಯಲ್ಲಿ ಅಂದೆ.

ಬಾಯಲ್ಲಿ ಸರಿ, ಆದರೆ ಎಷ್ಟು ಮೇಲಿಂದ ಅಂದರು ಪಂಡಿತರು.

ಆಗ ಹೊಳೆಯಿತು. ನಮ್ಮ ಮನೆಗಳಲ್ಲಿ ಲೋಟಕ್ಕೆ ತುಟಿ ಸೋಕಿಸದೆ, ಎತ್ತಿ ಹಿಡಿದು ಬಾಯಿಗೆ ಸುರಿದುಕೊಳ್ಳುವುದು ಪದ್ಧತಿ. ಬೇರೆಯವರ ಮನೆಗೆ ಹೋದಾಗ ಅವರ ಲೋಟವನ್ನು ಕಚ್ಚಿ ಎಂಜಲು ಮಾಡಿಟ್ಟು ಬಂದರೆ ಅದಕ್ಕಿಂತ ಅವಮರ್ಯಾದೆ ಇಲ್ಲ ಅಂತ ನಮ್ಮಮ್ಮ ತಲೆಗೆ ಮೊಟಕಿ ಕಲಿಸಿದ್ದಳು. ಅಧ್ಯಕ್ಷರ ಮನೆಯಾಕೆ ಪ್ರತಿ ಸಲವೂ ಬೆಳ್ಳಿ ಲೋಟದಲ್ಲಿ ಕಾಫಿ ತಂದುಕೊಡುತ್ತಿದ್ದರು. ದೊಡ್ಡವರ ಮನೆ, ಬೆಳ್ಳಿ ಲೋಟ ಅಂತ ನಾನು ಇನ್ನೂ ಒಂದು ಗೇಣು ಮೇಲಕ್ಕೇ ಎತ್ತಿ ಸುರಿದುಕೊಳ್ಳುತ್ತಿದ್ದೆ. ಆ ಮನೆಯವರು ಅದನ್ನು ನೋಡಿ, ನಮ್ಮನೆ ಲೋಟಕ್ಕೆ ತುಟಿ ತಾಗಿದ್ರೆ ಈಯಮ್ಮಂಗೆ ಮೈಲಿಗೆ ಆಯ್ತದಾ ಅಂತ ವರ್ಷ ವರ್ಷವೂ ಒಳಗೊಳಗೇ ಕುದಿಯುತ್ತಿದ್ದರಂತೆ. ಬೆಳ್ಳಿ ಲೋಟದಾಗೆ ಕೊಟ್ರೂ ಬಾವಿಯಿಂದ ನೀರು ಸೇದ್ದಂಗೆ ಕುಡೀತದೆ ಅಂತ ಅಧ್ಯಕ್ಷರು ಜಗಲಿಯಲ್ಲಿ ಹೇಳಿದ್ದರಂತೆ.

ನನಗೆ ಅಳು ಬಂತು. ಅವರು ನನ್ನನ್ನು ಕೀಳಾಗಿ ಕಾಣುತ್ತಾರೆ ಅಂತ ನಾನು, ನಾನು ಅವರನ್ನು ಕೀಳಾಗಿ ಕಾಣುತ್ತೇನೆ ಅಂತ ಅವರು. ಯಾರ ಮನಸ್ಸಿನಲ್ಲೂ ಇಲ್ಲದ ತಿರಸ್ಕಾರಕ್ಕೆ ನನ್ನ ಕೆಲಸ ನೇತಾಡುತ್ತಿತ್ತು. ನೀವೇ ಒಂದು ಮಾತು ಹೇಳಿ ಪಂಡಿತರೇ ಅಂದೆ. ನಂಗ್ಯಾಕೆ ತಾಯಿ ದೊಡ್ಡೋರ ವಿಷಯ ಅಂದು ಅವರು ಎದ್ದುಹೋದರು.

ಸರಿ, ನಾನೇ ಮಾಡಬೇಕು. ಮನೆಯಲ್ಲಿ ಅತ್ತೆ ಇಲ್ಲದ ಹೊತ್ತು ನೋಡಿ ಕಚ್ಚಿ ಕುಡಿಯುವ ಅಭ್ಯಾಸ ಮಾಡಿದೆ. ಸುಲಭ ಅಂದುಕೊಳ್ಳಬೇಡಿ. ತುಟಿ ಸುಟ್ಟಿತು, ಮೂಗು ಲೋಟದೊಳಗೆ ಹೋಯಿತು, ಉಸಿರು ಯಾವಾಗ ಬಿಡಬೇಕು ಅಂತ ತಿಳಿಯದೆ ಕೆಮ್ಮು ಬಂತು. ಅಂತೂ ಕಲಿತೆ. ಕಮಿಟಿ ಸೇರುವ ದಿನ ಬೆಳಗ್ಗೆ ಅಧ್ಯಕ್ಷರ ಮನೆಗೆ ಹೋದೆ. ಈ ಸಲ ಇಲ್ಲ ಅಂದರೆ ಇನ್ನು ಬರುವುದಿಲ್ಲ ಅಂತ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ.

ಅಧ್ಯಕ್ಷರು ಕಮಿಟಿಗೆ ಅಂತ ಗರಿಗರಿಯಾದ ಬಿಳೀ ಅಂಗಿ ಹಾಕಿಕೊಂಡು ತಯಾರಾಗಿ ಕೂತಿದ್ದರು. ಬನ್ನಿ ಕುಂತ್ಕಳಿ ಅಂದರು. ಮನೆಯಾಕೆ ಎರಡು ಬೆಳ್ಳಿ ಲೋಟದಲ್ಲಿ ಹೊಗೆಯಾಡುವ ಕಾಫಿ ತಂದಿಟ್ಟು, ಬಾಗಿಲ ಹತ್ತಿರ ನಿಂತುಕೊಂಡರು. ನನ್ನನ್ನೇ ನೋಡುತ್ತಿದ್ದರು. ನಾನು ಮನೆದೇವರನ್ನು ನೆನೆದುಕೊಂಡು ಲೋಟ ಎತ್ತಿ, ತುಟಿಗೆ ಒತ್ತಿ ಹಿಡಿದು, ಒಳಗಿನವರಿಗೂ ಕೇಳಲಿ ಅಂತ ಸುರ್ ಅಂತ ದೊಡ್ಡದಾಗಿ ಹೀರಿದೆ.

ಹೀರುತ್ತಲೇ ಕಣ್ಣೆತ್ತಿ ನೋಡಿದರೆ ಅಧ್ಯಕ್ಷರ ಲೋಟ ಆಕಾಶದಲ್ಲಿದೆ.

ನಂಗ್ಯಾಕೆ ಅಂದು ಹೋದ ಪಂಡಿತರು ನೇರ ಜಗಲಿಗೆ ಹೋಗಿ, ಅವರ ಕಡೆ ಅದು ಮರ್ಯಾದೆ ಮಾಡುವ ರೀತಿ ಕಣ್ರೀ ಅಂತ ಹೇಳಿಬಂದದ್ದು ನನಗೆ ಹೇಗೆ ಗೊತ್ತಾಗಬೇಕು? ತಪ್ಪು ತಿಳಿದೆನಲ್ಲ, ಹೆಣ್ಣುಮಗಳ ಮನಸ್ಸು ನೋಯಿಸಿದೆನಲ್ಲ ಅಂತ ಆ ದೊಡ್ಡ ಮನುಷ್ಯರು ನನಗೆ ನನ್ನ ರೀತಿಯಲ್ಲೇ ಮರ್ಯಾದೆ ಮಾಡಲು ಹೊರಟಿದ್ದರು. ಹುಟ್ಟಿದಾಗಿನಿಂದ ಕಚ್ಚಿ ಕುಡಿದವರು. ತಲೆ ಹಿಂದಕ್ಕೆ ಹಾಕಿ, ಬಾಯಿ ಅಗಲ ತೆರೆದು, ಕೈ ಮೇಲೆತ್ತಿ ಲೋಟ ಬಗ್ಗಿಸಿದರು. ಕಾಫಿ ಮೊದಲು ಮೂಗಿಗೆ ಬಿತ್ತು, ಅಲ್ಲಿಂದ ಮೀಸೆಗೆ, ಮೀಸೆಯಿಂದ ಬಿಳೀ ಅಂಗಿಯ ಉದ್ದಕ್ಕೂ ಇಳಿಯಿತು. ಅದನ್ನು ನೋಡಿ ನನ್ನ ಬಾಯಲ್ಲಿದ್ದ ಕಾಫಿ ನೆತ್ತಿಗೇರಿ ಮೂಗಿನಿಂದ ಹೊರಗೆ ಬಂತು. ಬಂದದ್ದು ಅವರ ಅಂಗಿಯ ತೋಳಿನ ಮೇಲೇ ಬಿತ್ತು.

ಇಬ್ಬರೂ ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಒಬ್ಬರನ್ನೊಬ್ಬರು ನೋಡುತ್ತಾ ಕೂತೆವು. ಬಾಗಿಲ ಹತ್ತಿರ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಸುತ್ತಾ ನಗುತ್ತಿದ್ದರು. ನಕ್ಕು ಸಾಕಾದ ಮೇಲೆ ಒಳಗಿಂದ ಇನ್ನೊಂದು ಅಂಗಿ ತಂದು ಗಂಡನ ತೊಡೆಯ ಮೇಲೆ ಹಾಕಿದರು.

"ಈಯಮ್ಮನ್ನ ಇವತ್ತೇ ಕಾಯಂ ಮಾಡ್ಬುಟ್ಟು ಬನ್ನಿ. ಇನ್ನೊಂದ್ಸಲ ಕೇಳಾಕೆ ಬಂದ್ರೆ ಈ ಮನೇಲಿ ಒಂದು ಬಿಳೀ ಅಂಗೀನೂ ಉಳಿಯಾಕಿಲ್ಲ."